ಭಯ ಬೇಡ ಅಂದರೆ ಸಾಕಾ? ಅಂಕಿ ಎಲ್ಲಿ?

ಪ್ರಶ್ನೆ: ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದ ರಾತ್ರಿ ನಮ್ಮ ವಾಟ್ಸಾಪ್ ಗ್ರೂಪಲ್ಲಿ ಡ್ಯಾಮೇ ಒಡೆಯಿತು ಅಂತ ಮೆಸೇಜ್ ಬಂತು. ಆ ಕಡೆ ಅಧಿಕಾರಿಗಳು ಭಯ ಬೇಡ ಅನ್ನುತ್ತಿದ್ದರು. ಯಾರನ್ನು ನಂಬೋದೋ ತಿಳಿಯಲಿಲ್ಲ. ಈಗ ನಮ್ಮ ಜಿಲ್ಲೆಯಲ್ಲಿ ಅಣು ವಿದ್ಯುತ್ ಸ್ಥಾವರಕ್ಕೆ ಜಾಗ ನೋಡುತ್ತಿದ್ದಾರೆ ಅನ್ನೋ ಸುದ್ದಿ. ಭೂಕಂಪ ಆಗಿ ಅಂಥ ಸ್ಥಾವರಕ್ಕೆ ಏನಾದರೂ ಆದರೆ ನಮಗೆ ನಿಜ ಹೇಳುತ್ತಾರಾ? ಜಪಾನಿನಲ್ಲೇ ಮುಚ್ಚಿಟ್ಟರಂತೆ. – ಓದುಗರು, ಕೊಪ್ಪಳ

ಉತ್ತರ: ಪೂರ್ತಿ ನಿಜ ಮೊದಲ ದಿನವೇ ಸಿಗೋದಿಲ್ಲ. ಎಲ್ಲೂ ಸಿಕ್ಕಿಲ್ಲ. ಕೆಲವು ವಿಷಯ ಅವರಿಗೇ ಗೊತ್ತಿರೋದಿಲ್ಲ, ಕೆಲವು ಗೊತ್ತಿದ್ದೂ ಹೇಳೋದಿಲ್ಲ. ಇವೆರಡನ್ನೂ ಒಂದೇ ಅಂದುಕೊಂಡರೆ ನಮಗೇ ನಷ್ಟ.

ನೀವು ಕೇಳಿದ್ದು ಜಪಾನಿನ ಫುಕುಶಿಮಾ ಅಣು ಸ್ಥಾವರದ ವಿಷಯ. 2011ರ ಮಾರ್ಚ್ 11ರಂದು 9.0 ತೀವ್ರತೆಯ ಭೂಕಂಪ ಆಯಿತು. ಓಡುತ್ತಿದ್ದ ಮೂರು ರಿಯಾಕ್ಟರ್‌ಗಳು ತಾವಾಗಿಯೇ ನಿಂತವು. ಆಮೇಲೆ ಬಂದ ಸುನಾಮಿ ಡೀಸೆಲ್ ಜನರೇಟರ್‌ಗಳನ್ನು ಮುಳುಗಿಸಿತು, ಕರೆಂಟ್ ಹೋಯಿತು, ತಂಪು ಮಾಡೋ ನೀರು ನಿಂತಿತು, ಒಳಗಿದ್ದ ಇಂಧನ ಕರಗಿತು. ಸುತ್ತಮುತ್ತ ವಿಕಿರಣ ಅಳೆಯಲು ಇಟ್ಟಿದ್ದ ಯಂತ್ರಗಳೂ ಬಹುತೇಕ ಕೈಕೊಟ್ಟವು. ಅಂಥ ಹೊತ್ತಲ್ಲಿ ಅಧಿಕಾರಿ ‘ಗೊತ್ತಿಲ್ಲ’ ಅಂದರೆ ನಾನು ನಂಬುತ್ತೇನೆ.

ನಂಬಿಕೆ ಹೋಗಿದ್ದು ಬೇರೆ ಕಡೆ. ಮಾರ್ಚ್ 12ರಂದು ಅಲ್ಲಿನ ಅಣು ಸುರಕ್ಷತೆ ನೋಡಿಕೊಳ್ಳೋ ಸರ್ಕಾರಿ ಸಂಸ್ಥೆಯ ವಕ್ತಾರರೊಬ್ಬರು ಇಂಧನ ಕರಗುತ್ತಿರಬಹುದು ಅಂತ ಬಾಯಿಬಿಟ್ಟು ಹೇಳಿದರು. ಅವರನ್ನೇ ವಕ್ತಾರರ ಜಾಗದಿಂದ ಬದಲಾಯಿಸಿದರು! ‘ಮೆಲ್ಟ್‌ಡೌನ್’, ಅಂದರೆ ಇಂಧನ ಕರಗಿದೆ ಅಂತ, ಸ್ಥಾವರ ನಡೆಸುತ್ತಿದ್ದ ಟೆಪ್ಕೊ ಕಂಪನಿ ಒಪ್ಪಿಕೊಂಡಿದ್ದು ಮೇ ತಿಂಗಳಲ್ಲಿ. ಆ ಪದ ಬಳಸಬೇಡಿ ಅಂತ ಕಂಪನಿಯ ಆಗಿನ ಅಧ್ಯಕ್ಷರೇ ಹೇಳಿದ್ದರು ಅನ್ನೋದು 2016ರಲ್ಲಿ ಹೊರಬಂತು.

ನನಗೆ ಎಲ್ಲಕ್ಕಿಂತ ಕೆಟ್ಟದ್ದು ಅನಿಸೋದು ಸ್ಥಾವರದ ಹತ್ತಿರದ ನಮಿಯೆ ಊರಿನ ಕಥೆ. ವಿಕಿರಣ ಗಾಳಿಯ ಜೊತೆ ಯಾವ ಕಡೆ ಹೋಗುತ್ತದೆ ಅಂತ ಅಂದಾಜು ಮಾಡೋ ‘ಸ್ಪೀಡಿ’ ಅನ್ನೋ ಕಂಪ್ಯೂಟರ್ ವ್ಯವಸ್ಥೆ ಅವರಲ್ಲಿತ್ತು. ಅದರ ನಕ್ಷೆ ಮಾರ್ಚ್ 14ರಂದೇ ಅಮೆರಿಕದ ಸೇನೆಗೆ ಹೋಗಿತ್ತು, ಸ್ವಂತ ಜನಕ್ಕೆ ಸಿಕ್ಕಿದ್ದು 23ಕ್ಕೆ. ಅಷ್ಟರಲ್ಲಿ ನಮಿಯೆಯ ಎಷ್ಟೋ ಜನ ಸ್ಥಾವರದಿಂದ ದೂರ ಅಂತ ವಾಯುವ್ಯಕ್ಕಿದ್ದ ತ್ಸುಶಿಮಾಗೆ ಹೋಗಿ ಕೂತಿದ್ದರು. ಗಾಳಿಯೂ ಆ ಕಡೆಗೇ ಬೀಸಿತ್ತು. ಒಳಗೆ ಎಷ್ಟು ಸೋರಿದೆ ಅಂತ ಗೊತ್ತಿಲ್ಲದ್ದರಿಂದ ಆ ನಕ್ಷೆ ನಂಬುವಂತಿರಲಿಲ್ಲ ಅನ್ನೋದು ಅಧಿಕಾರಿಗಳ ವಾದ. ಸರಿ, ಎಷ್ಟು ಅಂತ ಗೊತ್ತಿರಲಿಲ್ಲ ಬಿಡಿ, ಯಾವ ದಿಕ್ಕು ಅಂತಾದರೂ ಹೇಳಬಹುದಿತ್ತಲ್ವಾ?

ಈಗ ನಮ್ಮ ಡ್ಯಾಮಿಗೆ ಬನ್ನಿ. 2024ರ ಆಗಸ್ಟ್ 10ರ ರಾತ್ರಿ ಚೈನ್ ತುಂಡಾಗಿ 33 ಗೇಟುಗಳಲ್ಲಿ ಒಂದು ಹೋಯಿತು. ಒಂದು ವಾರದಲ್ಲಿ ಸ್ಟಾಪ್‌ಲಾಗ್ (ಗೇಟಿನ ಜಾಗಕ್ಕೆ ಇಳಿಸೋ ತಾತ್ಕಾಲಿಕ ತಡೆ) ಇಳಿಸಿ ನೀರು ತಡೆದರು. ಆ ವಾರ ಪೂರ್ತಿ ಗಾಳಿಸುದ್ದಿ ಇತ್ತು, ನಿಜ. ಆದರೂ ನದಿ ದಂಡೆಯ ಜನ ಒಂದು ಮಟ್ಟಿಗೆ ತಾವೇ ಲೆಕ್ಕ ಹಾಕಿಕೊಳ್ಳಬಹುದಿತ್ತು. ಯಾಕೆ? ನದಿಗೆ ಎಷ್ಟು ಕ್ಯೂಸೆಕ್ ಬಿಡುತ್ತಿದ್ದಾರೆ ಅನ್ನೋ ಲೆಕ್ಕ ಬರುತ್ತಿತ್ತು. ಗಂಗಾವತಿ, ಕಂಪ್ಲಿ ಕಡೆಯ ರೈತನಿಗೆ ಕ್ಯೂಸೆಕ್ ಅಂದರೆ ಏನು ಅಂತ ಯಾರೂ ಪಾಠ ಮಾಡಬೇಕಿಲ್ಲ, ಲಕ್ಷ ದಾಟಿತು ಅಂದರೆ ಪಂಪ್‌ಸೆಟ್ ಮೇಲೆತ್ತಬೇಕಾ, ಕಂಪ್ಲಿ ಸೇತುವೆ ಮೇಲೆ ಬಸ್ ಹೋಗುತ್ತಾ ಇಲ್ಲವಾ ಅಂತ ಅವನೇ ಹೇಳುತ್ತಾನೆ. ಸರ್ಕಾರ ಹೇಳಿದ ಅಂಕಿ ಸುಳ್ಳಾದರೆ ಮರುದಿನ ನದಿಯೇ ತೋರಿಸಿಬಿಡುತ್ತದೆ.

ವಿಕಿರಣದಲ್ಲಿ ಈ ಅನುಕೂಲ ಇಲ್ಲ. ಕಣ್ಣಿಗೆ ಕಾಣೋದಿಲ್ಲ, ವಾಸನೆ ಇಲ್ಲ. ಮೈಗೆ ಎಷ್ಟು ವಿಕಿರಣ ತಾಗುತ್ತದೆ ಅಂತ ಹೇಳೋ ಮೈಕ್ರೋಸೀವರ್ಟ್ ಅನ್ನೋ ಅಳತೆ ಬಹಳಷ್ಟು ಜನ ಕೇಳಿಯೇ ಇಲ್ಲ. ಅಂಥ ಜನರ ಮುಂದೆ ಭೂಕಂಪ ಆದ ಸಂಜೆ ಒಬ್ಬರು ಬಂದು ‘ಗಂಟೆಗೆ 20 ಮೈಕ್ರೋಸೀವರ್ಟ್ ಇದೆ’ ಅಂದರೆ ಏನು ಮಾಡಬೇಕು? ಓಡಬೇಕಾ, ಊಟ ಮಾಡಿ ಮಲಗಬೇಕಾ? ಸಾಮಾನ್ಯ ದಿನಗಳಲ್ಲಿ ಬಹಳಷ್ಟು ಊರುಗಳಲ್ಲಿ ಗಂಟೆಗೆ ಸುಮಾರು 0.1 ಮೈಕ್ರೋಸೀವರ್ಟ್ ಇರುತ್ತದೆ, ಹೆಚ್ಚುಕಮ್ಮಿ. (ನಮ್ಮ ಕಡೆಯ ಗ್ರಾನೈಟ್ ಬೆಟ್ಟಗಳ ಹತ್ತಿರ ಮೀಟರ್ ಇಟ್ಟರೆ ಸ್ವಲ್ಪ ಜಾಸ್ತಿಯೇ ತೋರಿಸೀತು. ಆ ಕಲ್ಲಿನ ಗುಣವೇ ಹಾಗೆ, ಗಾಬರಿ ಬೇಡ.) ಈ 0.1 ಗೊತ್ತಿದ್ದವನಿಗೆ 20 ಅಂದರೆ ಇನ್ನೂರು ಪಟ್ಟು, ಏನೋ ಆಗಿದೆ ಅಂತ ಆ ಕ್ಷಣವೇ ಅರ್ಥವಾಗುತ್ತದೆ. ಗೊತ್ತಿಲ್ಲದವನು ಹೇಳಿದವರ ಮುಖ ನೋಡಿ ನಂಬಬೇಕು, ಇಲ್ಲ ಬಿಡಬೇಕು.

ಹಾಗಾಗಿ ನಿಮ್ಮ ಪ್ರಶ್ನೆಯನ್ನು ಕೇಳೋ ಕಾಲ ಭೂಕಂಪ ಆದ ಮೇಲಲ್ಲ, ಈಗ. ಸ್ಥಾವರ ಬೇಕೋ ಬೇಡವೋ ಅನ್ನೋ ಜಗಳ ಬೇರೆ, ಅದಕ್ಕೆ ನಾನಿಲ್ಲಿ ಕೈ ಹಾಕೋದಿಲ್ಲ. ಆದರೆ ಜನಾಭಿಪ್ರಾಯದ ಸಭೆ ಅಂತ ನಡೆದರೆ ಉದ್ಯೋಗ ಎಷ್ಟು, ಪರಿಹಾರ ಎಷ್ಟು ಅನ್ನೋದರ ಜೊತೆ ಇದನ್ನೂ ಕೇಳಿ: ಅಳೆಯೋ ಯಂತ್ರ ಎಲ್ಲೆಲ್ಲಿ ಇಡುತ್ತೀರಿ? ಕರೆಂಟ್ ಹೋದರೆ ಅವು ಎಷ್ಟು ಹೊತ್ತು ನಡೆಯುತ್ತವೆ? ಅಂಕಿ ದಿನಾ ಪಂಚಾಯಿತಿ ಬೋರ್ಡಿಗೆ ಬರುತ್ತದಾ, ಮುಂಬೈಯ ಕೇಂದ್ರ ಕಚೇರಿಗೆ ಮಾತ್ರ ಹೋಗುತ್ತದಾ? ಪ್ರತಿ ಸ್ಥಾವರದ ಹತ್ತಿರ ಬಾರ್ಕ್ (ಭಾಭಾ ಅಣು ಸಂಶೋಧನಾ ಕೇಂದ್ರ) ಸಂಸ್ಥೆಯ ಪರಿಸರ ಪ್ರಯೋಗಾಲಯ ಇರುತ್ತದೆ, ಕೈಗಾದಲ್ಲೂ ಇದೆ. ಅಳೆಯೋರು ಇದ್ದಾರೆ. ಅಳೆದದ್ದು ಊರ ಮಾತಿನಲ್ಲಿ ಊರಿಗೆ ಬರಬೇಕು, ಅಷ್ಟೇ.

ಇನ್ನೊಂದು. ಅಂಕಿ ಬದಲಾಯಿತು ಅಂದ ಮಾತ್ರಕ್ಕೆ ಸುಳ್ಳು ಅನ್ನಬೇಡಿ. 2024ರ ಜನವರಿ 1ರಂದು ಜಪಾನಿನ ನೋಟೊ ಭೂಕಂಪದಲ್ಲಿ ಶಿಕಾ ಸ್ಥಾವರದ ಟ್ರಾನ್ಸ್‌ಫಾರ್ಮರ್‌ನಿಂದ ಎಣ್ಣೆ ಸೋರಿತು. ಮೊದಲು ಹೇಳಿದ್ದಕ್ಕಿಂತ ಐದು ಪಟ್ಟು ಜಾಸ್ತಿ, ಸುಮಾರು 19,800 ಲೀಟರ್, ಅಂತ ಆಮೇಲೆ ತಿದ್ದಿದರು. ಜನ ಬೈದರು, ಬೈಯಬೇಕಾದ್ದೇ. ಆದರೂ ದಿನಗಳೊಳಗೆ ತಿದ್ದೋದಕ್ಕೂ ಎರಡು ತಿಂಗಳು ಒಂದು ಪದವನ್ನು ಬಾಯಲ್ಲಿಟ್ಟುಕೊಂಡು ಕೂರೋದಕ್ಕೂ ವ್ಯತ್ಯಾಸ ಇದೆ. ಯಾರು ಅಳೆದರು, ಎಲ್ಲಿ, ಎಷ್ಟು ಗಂಟೆಗೆ, ಮತ್ತೆ ಯಾವಾಗ ಹೇಳುತ್ತೀರಿ – ಇಷ್ಟಿದ್ದರೆ ನಾನು ಆ ಪ್ರಕಟಣೆಗೆ ಕಿವಿ ಕೊಡುತ್ತೇನೆ. ಸುಮ್ನೆ ‘ತಕ್ಷಣಕ್ಕೆ ಆರೋಗ್ಯಕ್ಕೆ ತೊಂದರೆ ಇಲ್ಲ’ ಅಂದರೆ ಮುಂದೇನು ಅಂತ ಕೇಳುತ್ತೇನೆ. 2011ರಲ್ಲಿ ಜಪಾನ್ ಸರ್ಕಾರ ಇದೇ ಮಾತನ್ನು ಪದೇ ಪದೇ ಹೇಳಿ ಜನರ ಕಣ್ಣಲ್ಲಿ ಹಗುರಾಯಿತು.

ಹಾಗಂತ ಯಾರನ್ನೂ ನಂಬದೆ ಗಾಡಿ ಹತ್ತಿ ಓಡೋದೂ ಜಾಣತನ ಅಲ್ಲ. ಫುಕುಶಿಮಾ ಜಿಲ್ಲೆಯಲ್ಲಿ ಸ್ಥಳಾಂತರದ ಸುಸ್ತು, ಚಿಕಿತ್ಸೆ ತಪ್ಪಿದ್ದು, ಶಿಬಿರದ ಬದುಕು ಇಂಥವುಗಳಿಂದ 2,300ಕ್ಕೂ ಹೆಚ್ಚು ಜನ ಸತ್ತರು ಅಂತ ಅಲ್ಲಿನ ಲೆಕ್ಕವೇ ಹೇಳುತ್ತದೆ. ಬಹುತೇಕ ವಯಸ್ಸಾದವರು. ಹಾಸಿಗೆ ಹಿಡಿದ ಅಜ್ಜಿಯನ್ನು ಹತ್ತು ಗಂಟೆ ಬಸ್ಸಲ್ಲಿ ಕೂರಿಸೋದಕ್ಕಿಂತ, ಬಾಗಿಲು ಕಿಟಕಿ ಹಾಕಿ ಒಳಗೇ ಇರಿಸೋದು ಕೆಲವು ಸಲ ಒಳ್ಳೆಯದು.

ಪ್ರಶ್ನೆ: ರಾಯಚೂರಿನಲ್ಲಿ ಭೂಕಂಪವೇ ಆಗೋದಿಲ್ಲ, ಸುಮ್ನೆ ಯಾಕೆ ಹೆದರಿಸುತ್ತೀರಿ?

ಉತ್ತರ: ಬಹುಕಾಲ ಬಳಸಿದ ನಕ್ಷೆಯಲ್ಲಿ ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಜಿಲ್ಲೆಗಳು ಕಡಿಮೆ ಅಪಾಯದ ವಲಯ 2ರಲ್ಲಿವೆ. ಆದರೆ 1993ರ ಸೆಪ್ಟೆಂಬರ್ 30ರ ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪ ಆಗಿದ್ದು ಆಗಿನ ನಕ್ಷೆಯಲ್ಲಿ ಎಲ್ಲಕ್ಕಿಂತ ಕಡಿಮೆ ಅಪಾಯ ಅಂದಿದ್ದ ಜಾಗದಲ್ಲಿ. ನಮ್ಮಲ್ಲಿ ಸಮುದ್ರ ಇಲ್ಲ, ಸುನಾಮಿ ಇಲ್ಲ, ಒಪ್ಪಿದೆ. ಡ್ಯಾಮ್ ಇದೆಯಲ್ಲ! ಅದರ ನೀರನ್ನೇ ನಂಬಿ ಸ್ಥಾವರ ಕಟ್ಟಿದರೆ ಎರಡನ್ನೂ ಒಟ್ಟಿಗೆ ಲೆಕ್ಕ ಹಾಕಬೇಕು.

ಪ್ರಶ್ನೆ: ವಿಕಿರಣಕ್ಕೆ ಅಯೋಡಿನ್ ಉಪ್ಪು ಒಳ್ಳೆಯದಂತೆ. ಮನೆಯಲ್ಲಿ ಇಟ್ಟುಕೊಳ್ಳಲಾ? – ಬಳ್ಳಾರಿ

ಉತ್ತರ: ಸಾರಿಗೆ ಹಾಕೋಕೆ ಇಟ್ಟುಕೊಳ್ಳಿ. 2011ರಲ್ಲಿ ಚೀನಾದಲ್ಲಿ ಇದೇ ಗಾಳಿಸುದ್ದಿಗೆ ಅಂಗಡಿಗಳ ಉಪ್ಪೆಲ್ಲ ಖಾಲಿಯಾಯಿತು. ಅಣು ಅಪಘಾತದಲ್ಲಿ ದೊಡ್ಡವರಿಗೆ ಕೊಡೋ ಪೊಟ್ಯಾಸಿಯಂ ಅಯೋಡೈಡ್ ಮಾತ್ರೆ 130 ಮಿಲಿಗ್ರಾಂ, ಅದರಲ್ಲಿ ಅಯೋಡಿನ್ ಸುಮಾರು 100 ಮಿಲಿಗ್ರಾಂ. ನಮ್ಮ ಉಪ್ಪಿನಲ್ಲಿ ಕಿಲೋಗೆ ಕನಿಷ್ಠ 15 ಮಿಲಿಗ್ರಾಂ ಇರಬೇಕು ಅನ್ನೋದು ನಿಯಮ. ಆ ಲೆಕ್ಕದಲ್ಲಿ ಒಂದು ಮಾತ್ರೆಗೆ ಸಮ ಆಗಬೇಕಾದರೆ ಆರೂವರೆ ಕಿಲೋಗೂ ಹೆಚ್ಚು ಉಪ್ಪು ತಿನ್ನಬೇಕು. ಗಾಯಕ್ಕೆ ಹಚ್ಚೋ ಅಯೋಡಿನ್ ಔಷಧಿಯನ್ನಂತೂ ಕುಡಿಯಲೇಬೇಡಿ. ಮಾತ್ರೆ ಕಾಪಾಡೋದು ಥೈರಾಯ್ಡ್ ಒಂದನ್ನೇ, ಅದೂ ವಿಕಿರಣಶೀಲ ಅಯೋಡಿನ್‌ನಿಂದ ಮಾತ್ರ, ಅದೂ ಸರಿಯಾದ ಹೊತ್ತಿಗೆ ನುಂಗಿದರೆ. ಆ ಹೊತ್ತು ಯಾವುದು ಅಂತ ಅಳೆಯೋರೇ ಹೇಳಬೇಕು. ಮಕ್ಕಳು, ಬಸುರಿಯರಿಗೆ ಮೊದಲು.