ಆ ಕೈಯ ಕಪ್ಪಿನಿಂದಲೇ ಶುರು ಮಾಡಿ

ನಮಸ್ಕಾರ. ಸಾಗರದಿಂದ ನೀವು ಕಳಿಸಿದ, ಶೇಕ್ಸ್‌ಪಿಯರ್ ನಾಟಕದ ಮೇಲಿನ ‘ಮ್ಯಾಕ್‌ಬೆತ್: ಭಾಷೆ ಮತ್ತು ಆಶಯ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ವಾಪಸ್ ಕಳಿಸಿ ಸುಮ್ಮನಾಗಲೂ ಮನಸ್ಸು ಬರಲಿಲ್ಲ. ಆರನೇ ಪುಟದಲ್ಲಿ ಒಂದು ಸಾಲಿದೆಯಲ್ಲ, ಅದಕ್ಕಾಗಿ ಈ ಪತ್ರ.

ಮೊದಲು ತಪ್ಪುಗಳು. ಡಂಕನ್ ರಾಜನ ಕೊಲೆಯನ್ನು ರಂಗದ ಮೇಲೆ ನೋಡಿ ಪ್ರೇಕ್ಷಕರು ಬೆಚ್ಚುತ್ತಾರೆ ಅಂತ ಬರೆದಿದ್ದೀರಿ. ಮೂಲದಲ್ಲಿ ಆ ಕೊಲೆ ಕಾಣುವುದೇ ಇಲ್ಲ. ಗೂಬೆ ಕೂಗುತ್ತದೆ, ಕೊಂದ ಮ್ಯಾಕ್‌ಬೆತ್ ಮತ್ತು ಅವನ ಹೆಂಡತಿ ಪಿಸುಗುಡುತ್ತಾರೆ, ಆಮೇಲೆ ಬಾಗಿಲು ಬಡಿಯುವ ಸದ್ದು. ಮಾಟಗಾತಿಯರು ಅವನಿಗೆ ಕೊಲ್ಲು ಅಂತ ಹೇಳಿದರು ಎಂದೂ ಬರೆದಿದ್ದೀರಿ. ಎಲ್ಲಿ ಹೇಳಿದರು? ಮುಂದೆ ರಾಜನಾಗುತ್ತೀಯ ಅಂದರು, ಅಷ್ಟೇ. ಕೊಲೆಯ ಯೋಚನೆ ಅವನ ತಲೆಯಲ್ಲೇ ಹುಟ್ಟಿದ್ದು, ದುರಂತ ನಿಂತಿರುವುದೂ ಅಲ್ಲೇ. ಗೈಡ್ ಪಕ್ಕಕ್ಕಿಟ್ಟು ನಾಟಕ ಓದಿ.

‘ರಕ್ತ ಪಾಪಪ್ರಜ್ಞೆಯ ಸಂಕೇತ’ ಅನ್ನುವ ಮಾತು ನಾಲ್ಕು ಸಲ ಬಂದಿದೆ. ಸರಿ, ಆದರೆ ಅದು ಯಾರ ಬಾಯಲ್ಲಿ, ಯಾವ ಗಳಿಗೆಯಲ್ಲಿ, ಯಾವ ಪದದಲ್ಲಿ ಬರುತ್ತದೆ ಅಂತ ಒಂದು ಕಡೆಯೂ ತೋರಿಸಿಲ್ಲ.

ಈಗ ಆ ಸಾಲು. ಲೇಡಿ ಮ್ಯಾಕ್‌ಬೆತ್ ನಿದ್ದೆಯಲ್ಲಿ ನಡೆಯುತ್ತಾ ಕೈ ತೊಳೆಯುವ ದೃಶ್ಯದ ಹತ್ತಿರ, ಅಮ್ಮ ಅಡಿಕೆ ಸುಲಿದು ಬಂದು ಬೆರಳು ತಿಕ್ಕುತ್ತಿದ್ದುದು ನೆನಪಾಯಿತು ಅಂತ ಕಂಸದೊಳಗೆ ಬರೆದು ಮುಂದೆ ಓಡಿಬಿಟ್ಟಿದ್ದೀರಿ. ಯಾಕೆ ಓಡಿದಿರಿ? ಮೆಟ್ಟುಗತ್ತಿ ಮುಂದೆ ರಾತ್ರಿಯಿಡೀ ಕೂತು ಹಸಿ ಅಡಿಕೆ ಸುಲಿದವರ ಕೈ ನಾನೂ ನೋಡಿದ್ದೇನೆ. ಹುಣಸೆಹಣ್ಣು ಹಚ್ಚಿ ತಿಕ್ಕಿದರೂ ಉಗುರು ಸಂದಿಯ ಕಪ್ಪು ಅಷ್ಟು ಸುಲಭಕ್ಕೆ ಹೋಗುವುದಿಲ್ಲ, ಅಲ್ವಾ? ಆ ಕೈ ಕಂಡಿರುವ ನಿಮಗೆ ಲೇಡಿ ಮ್ಯಾಕ್‌ಬೆತ್‌ಳ ಮಾತು ಬೇರೆ ಥರವೇ ಕೇಳಿಸಬೇಕು. ಎರಡನೇ ಅಂಕದಲ್ಲಿ, ಸಮುದ್ರದ ನೀರೆಲ್ಲ ಸುರಿದರೂ ಈ ರಕ್ತ ಹೋದೀತೇ ಅಂತ ಗಂಡ ಒದ್ದಾಡುತ್ತಿರುವಾಗ, ತನ್ನ ಕೈಯನ್ನೂ ರಕ್ತ ಮಾಡಿಕೊಂಡು ಬಂದ ಅವಳು ಸ್ವಲ್ಪ ನೀರು ಸಾಕು ಅನ್ನುತ್ತಾಳೆ. ಐದನೇ ಅಂಕದಲ್ಲಿ ಅವಳೇ, ಅರೇಬಿಯಾದ ಅಷ್ಟೂ ಸುಗಂಧ ಹಚ್ಚಿದರೂ ಈ ಪುಟ್ಟ ಕೈಯ ವಾಸನೆ ಹೋಗದು ಅನ್ನುತ್ತಾಳೆ. ಇಂಗ್ಲಿಷಿನಲ್ಲಿ ಎರಡೂ ಕಡೆ ಇರುವುದು ‘ಲಿಟಲ್’ ಅನ್ನುವ ಒಂದೇ ಪದ. ಆಗ ನೀರಿಗೆ, ಈಗ ಕೈಗೆ. ಮೂರನೇ ಅಂಕದಲ್ಲಿ ಆದದ್ದು ಆಯ್ತು ಅಂತ ಗಂಡನಿಗೆ ಸಮಾಧಾನ ಹೇಳಿದವಳು, ಇಲ್ಲಿ ಆದದ್ದನ್ನು ಆಗದ ಹಾಗೆ ಮಾಡಲು ಬರುವುದಿಲ್ಲ ಅಂತ ನಿದ್ದೆಯಲ್ಲಿ ಹೇಳುತ್ತಾಳೆ. ಅಲ್ಲಿತನಕ ಪದ್ಯದಲ್ಲಿ ಆಡಿದ ಮಾತು ತುಂಡು ತುಂಡು ಗದ್ಯವಾಗಿದೆ. ನೀವು ‘ಭಾಷೆ’ ಅಂತ ಬರೆಯಬೇಕಾದದ್ದು ಇದನ್ನು.

ಇನ್ನೊಂದು. ಅಮ್ಮನ ಕೈಯ ಕಪ್ಪು ಊರಿಗೆಲ್ಲ ಕಾಣುತ್ತದೆ, ಅದು ದುಡಿದ ಗುರುತು. ರಾಣಿಯ ಕೈಯಲ್ಲಿ ಈಗ ಕಲೆಯೇ ಇಲ್ಲ. ವೈದ್ಯ ಮತ್ತು ಸಖಿ ಅಲ್ಲೇ ನಿಂತು ನೋಡುತ್ತಿದ್ದರೂ ಅವಳೊಬ್ಬಳಿಗೇ ಅದು ಕಾಣುವುದು. ಈ ಎರಡು ಕೈಗಳ ಅಂತರದ ಬಗ್ಗೆ ನಿಮಗೆ ಏನನ್ನಿಸುತ್ತದೆ? ನನಗೆ ಅದನ್ನು ಓದುವ ಆಸೆ ತುಂಬಾ ಇದೆ.

ಬರೆಯುವ ಮೊದಲು ಆ ದೃಶ್ಯವನ್ನು ಗಟ್ಟಿಯಾಗಿ ಓದಿ, ಮನೆಯವರು ಕೇಳಿದರೂ ಪರವಾಗಿಲ್ಲ. ಹೆಗ್ಗೋಡು ನಿಮಗೆ ಪಕ್ಕದಲ್ಲೇ ಇದೆ. ಅಲ್ಲಿನ ರಂಗಸಂಸ್ಥೆ ನೀನಾಸಂನಲ್ಲಿ ನಾಟಕ ಇದ್ದಾಗ ಹೋಗಿ, ನಟರು ಎಲ್ಲಿ ಉಸಿರು ಎಳೆದುಕೊಳ್ಳುತ್ತಾರೆ ಅಂತ ಗಮನಿಸಿ. ಎಂಟು ಪುಟ ಬೇಡ, ಮೂರು ಸಾಕು. ಅಡಿಕೆ ಕೊನೆಕೊಯ್ಲು ಮುಗಿಸಿ ನಿಧಾನವಾಗಿ ಕಳಿಸಿ, ಕಾಯುತ್ತೇನೆ.