ಸಹಿ ಗುರುಗಳದ್ದು, ಕೈ ನನ್ನದು

ಪ್ರಶ್ನೆ: ನನಗೆ 26 ವರ್ಷ. ನಾಲ್ಕು ವರ್ಷದಿಂದ ಹಿರಿಯ ಕಲಾವಿದರೊಬ್ಬರ ಬಳಿ ಕೆಲಸಕ್ಕಿದ್ದೇನೆ. ಅವರ ದೊಡ್ಡ ತೈಲಚಿತ್ರಗಳ ಚಿಕ್ಕ ಪ್ರತಿಗಳನ್ನೆಲ್ಲ ನಾನೇ ಮಾಡುವುದು. ಅವರು ಕೊನೆಗೆ ಅಲ್ಲಲ್ಲಿ ಕುಂಚ ಮುಟ್ಟಿಸಿ, ಸಹಿ ಹಾಕಿ ಮಾರುತ್ತಾರೆ. ಕೊಂಡವರಿಗೆ ನಾನೊಬ್ಬಳು ಇದ್ದೇನೆಂದೇ ಗೊತ್ತಿಲ್ಲ. ಆಷಾಢದ ಮಳೆಯಲ್ಲಿ ಅವಸರಕ್ಕೆ ಮಾಡಿದ ಜೋಗದ ಚಿತ್ರ ಬಿರುಕು ಬಿಟ್ಟು ವಾಪಸ್ ಬಂದಾಗ ನನ್ನ ದುಡ್ಡು ಹಿಡಿದರು. ನಕಲು ಮಾಡಿ ಮಾಡಿ ನನ್ನ ಕೈಯೇ ಹೋಗುತ್ತದೇನೋ ಎಂಬ ಭಯ. ಈಗ ತೀರ್ಥಹಳ್ಳಿ ಕಡೆಯ ಹೋಮ್‌ಸ್ಟೇ ಮಾಲೀಕರೊಬ್ಬರು ಅವೇ ಚಿತ್ರಗಳನ್ನು ಅರ್ಧ ಬೆಲೆಗೆ ನೇರವಾಗಿ ಮಾಡಿಕೊಡಿ ಎನ್ನುತ್ತಿದ್ದಾರೆ. ಒಪ್ಪಿಕೊಂಡರೆ ಗುರುದ್ರೋಹವೇ?
– ಹೆಸರು ಬೇಡ, ಸಾಗರ

ಉತ್ತರ: ಆಗುವುದಿಲ್ಲ ಎಂದು ಹೋಮ್‌ಸ್ಟೇಯವರಿಗೆ ಇವತ್ತೇ ಹೇಳಿಬಿಡಿ. ದ್ರೋಹದ ಮಾತು ಆಮೇಲೆ, ಮೊದಲು ಕಾನೂನೇ ಅಡ್ಡ ಬರುತ್ತದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಆ ಚಿತ್ರಗಳ ಪ್ರತಿ ಮಾಡುವ ಹಕ್ಕು ಸಾಮಾನ್ಯವಾಗಿ ಅವನ್ನು ಬರೆದವರದ್ದು. ಮೂಲಚಿತ್ರ ಮಾರಿಹೋಗಿದ್ದರೂ, ಬರೆದುಕೊಡದ ಹೊರತು ಹಕ್ಕು ಅವರಲ್ಲೇ ಉಳಿಯುತ್ತದೆ.

ಶಿಷ್ಯರಿಂದ ಪ್ರತಿ ಮಾಡಿಸುವುದರಲ್ಲಿ ನಾಚಿಕೆಯೇನಿಲ್ಲ. ಆಂಟ್ವರ್ಪ್‌ನ ಹೆಸರಾಂತ ಚಿತ್ರಕಾರ ರೂಬೆನ್ಸ್ 1618ರಲ್ಲಿ ಇಂಗ್ಲಿಷ್ ರಾಯಭಾರಿ ಡಡ್ಲಿ ಕಾರ್ಲ್‌ಟನ್‌ಗೆ ಚಿತ್ರಗಳ ಪಟ್ಟಿ ಕಳಿಸಿದಾಗ, ಯಾವುದು ಪೂರ್ತಿ ತನ್ನ ಕೈಯದ್ದು, ಯಾವುದು ಶಿಷ್ಯ ಮಾಡಿ ತಾನು ತಿದ್ದಿದ್ದು ಎಂದು ಬಿಡಿಸಿ ಬರೆದಿದ್ದ. ಗ್ರೀಕ್ ಪುರಾಣದ ಪ್ರೊಮಿಥಿಯಸ್ ಚಿತ್ರದ ಹದ್ದು ಇನ್ನೊಬ್ಬ ಚಿತ್ರಕಾರ ಸ್ನೈಡರ್ಸ್ ಬರೆದದ್ದು ಎಂದೂ ಹೇಳಿದ್ದ. ನಿಮ್ಮಲ್ಲಿ ಆಗದೇ ಇರುವುದು ಅಷ್ಟೇ, ಕೊಳ್ಳುವವರಿಗೆ ಹೇಳುವ ಕೆಲಸ.

ಹಾಗಾಗಿ ಚಿತ್ರದ ಮುಂಬದಿಯ ಸಹಿಯಲ್ಲಿ ಪಾಲು ಕೇಳಬೇಡಿ. ಹಿಂಬದಿಯ ಮರದ ಪಟ್ಟಿಯ ಮೇಲೆ ಒಂದು ಸಾಲು ಕೇಳಿ: ಮೂಲ ಯಾರದ್ದು, ಅದರ ಅಳತೆ, ಇಸವಿ, ಪ್ರತಿ ಯಾರದ್ದು, ಇಸವಿ. ಪೆನ್ಸಿಲಿನಲ್ಲೇ ಬರೆಯಿರಿ, ಕ್ಯಾನ್ವಾಸಿನ ಬೆನ್ನಿಗೆ ಮಾರ್ಕರ್ ಎಳೆದರೆ ಶಾಯಿ ಮುಂದಕ್ಕೆ ಇಳಿಯಬಹುದು. ಬಿಲ್ಲಿನಲ್ಲೂ ಅದೇ ಸಾಲು ಬರಲಿ. ಇಷ್ಟಕ್ಕೂ ಒಪ್ಪದಿದ್ದರೆ ಕೈಯಲ್ಲಿರುವ ಆರ್ಡರ್ ಮುಗಿಸಿಕೊಟ್ಟು ಹೊರಡಿ.

ಬಿರುಕಿನಲ್ಲಿ ಇಬ್ಬರ ಪಾಲೂ ಇರುವಂತಿದೆ. ಎಣ್ಣೆ ಹೆಚ್ಚಿದ್ದ ಕೆಳಪದರ ಒಣಗುವ ಮೊದಲೇ, ಟರ್ಪೆಂಟೈನ್ ಬೆರೆಸಿ ತೆಳು ಮಾಡಿದ ಬಣ್ಣ ಮೇಲೆ ಬಿದ್ದಿರಬೇಕು. ಮೇಲಿನದು ಬೇಗ ಬಿರುಸಾಗುತ್ತದೆ, ಕೆಳಗಿನದು ಇನ್ನೂ ಮಿಸುಕುತ್ತಿರುತ್ತದೆ, ಸೀಳದೆ ಇನ್ನೇನು? ಕೆಳಗೆ ತೆಳು, ಮೇಲೇರಿದಂತೆ ಎಣ್ಣೆ ಹೆಚ್ಚು ಎನ್ನುವ ಕ್ರಮ ತಪ್ಪಿದ್ದರೆ ಅದು ನಿಮ್ಮದು. ಆದರೆ ಬೇಸಿಗೆಯಲ್ಲಿ ವಾರಕ್ಕೆ ಒಣಗುವ ಪದರ ನಮ್ಮ ಮಳೆಯಲ್ಲಿ ಎರಡು ವಾರವಾದರೂ ಅಂಟುತ್ತಿರುತ್ತದೆ. ಅದು ಗೊತ್ತಿದ್ದೂ ತಾರೀಖು ಕೊಟ್ಟವರು ಗುರುಗಳು. ಪೂರ್ತಿ ದುಡ್ಡು ಹಿಡಿದದ್ದು ನ್ಯಾಯವಲ್ಲ, ಹಾಗೆಂದು ಮೆಲ್ಲಗೆ ಹೇಳಿ. ಇನ್ನು ಮುಂದೆ ಅಂಚಿನಲ್ಲಿ ಉಗುರು ಒತ್ತಿ ನೋಡಿ; ಗುರುತು ಬಿದ್ದರೆ ಯಾರು ಎಷ್ಟೇ ಗದರಲಿ, ಮೇಲೆ ಬಣ್ಣ ಹಚ್ಚಬೇಡಿ.

ಕೈ ಹೋಗುತ್ತದೆ ಎಂಬ ಭಯ ಬೇಡ. 48×36 ಇಂಚಿನದನ್ನು 16×12ಕ್ಕೆ ಇಳಿಸುವಾಗ ಎರಡಕ್ಕೂ ಚೌಕದ ಗೆರೆ ಹಾಕಿಕೊಂಡರೆ, ಮೂಲದ ಮೂರು ಇಂಚಿನ ಚೌಕ ಪ್ರತಿಯಲ್ಲಿ ಒಂದು ಇಂಚು. 192 ಚೌಕದಲ್ಲಿ ರೂಪರೇಖೆ ಕೂರುತ್ತದೆ. ಅಲ್ಲಿಗೆ ನಕಲು ಮುಗಿಯಿತು. ಅಡಿಕೆ ಸೋಗೆಗೆ ಗುರುಗಳು ಎಳೆದ ನಲವತ್ತು ಎಳೆಯನ್ನೂ ಅಷ್ಟೇ ಜಾಗಕ್ಕೆ ತುರುಕಿದರೆ ಹಸಿರು ಮುದ್ದೆ. ಹನ್ನೆರಡು ಉಳಿಸಿ ಮಿಕ್ಕದ್ದನ್ನು ಬಿಡಬೇಕು. ಯಾವ ಹನ್ನೆರಡು ಎಂದು ನಾಲ್ಕು ವರ್ಷ ಆರಿಸಿದವರು ನೀವೇ. ದೊಡ್ಡದನ್ನು ಹತ್ತು ಅಡಿ ದೂರ ನಿಂತು ನೋಡುತ್ತಾರೆ, ಚಿಕ್ಕದನ್ನು ಕೈಯಲ್ಲಿ ಹಿಡಿದು; ಈ ವ್ಯತ್ಯಾಸ ಬಲ್ಲವರು ಕಡಿಮೆ.

ಹೋಮ್‌ಸ್ಟೇಯವರಿಗೆ ನಿಮ್ಮದೇ ಚಿತ್ರವೊಂದನ್ನು ತೋರಿಸಿ. ಜಲಪಾತ, ತೋಟ ಯಾರ ಸ್ವತ್ತೂ ಅಲ್ಲ. ಗುರುಗಳು ನಿಂತ ಜಾಗ ಬಿಟ್ಟು ಬೇರೆ ಕಡೆಯಿಂದ ನೋಡಿ ಬರೆಯಿರಿ. ಬೆಲೆ ಅರ್ಧಕ್ಕೆ ಇಳಿಸಬೇಡಿ, ಕೊಡುವ ತಾರೀಖು ದೀಪಾವಳಿಯ ಆಚೆಗಿರಲಿ.