ಕುದುರೆಯ ಮುಂಗಾಲಿನ ಒಳಬದಿಯಲ್ಲಿ ಗಟ್ಟಿ ಗಂಟು ಬಂದಿದೆ, ಮೂಳೆ ಮುರಿದಿರಬಹುದಾ?

ಗುಬ್ಬಿ ಕಡೆ ಮದುವೆ ಮೆರವಣಿಗೆಗೆ ಬಿಡುವ 3 ವರ್ಷದ ಹೆಣ್ಣು ಕುದುರೆ. ಎಡ ಮುಂಗಾಲಿನ ಒಳಗಡೆ, ಮೊಣಕಾಲಿಗಿಂತ ಸ್ವಲ್ಪ ಕೆಳಗೆ ನೆಲ್ಲಿಕಾಯಿ ಗಾತ್ರದ ಗಂಟು. ಮುಟ್ಟಿದರೆ ಬಿಸಿ, ಒತ್ತಿದರೆ ಕಾಲು ಎಳೆದುಕೊಳ್ಳುತ್ತದೆ, ಸ್ವಲ್ಪ ಕುಂಟುತ್ತದೆ. ಮೂಳೆ ಮುರಿದಿದೆಯಾ, ಮುರಿದಿದ್ದರೆ ಕುದುರೆ ಕಥೆ ಮುಗೀತಾ ಅಂತ ಕೇಳಿದ್ದೀರಿ.

ನಾನು ಡಾಕ್ಟರಲ್ಲ, ಕುಣಿಗಲ್ ಕಡೆ ಲಾಳ ಕಟ್ಟುವವನು. ಟಿಪ್ಪು ಕಾಲದಿಂದ ಕುದುರೆ ಸಾಕಿದ ಊರು ನಮ್ಮದು, ಡಾಕ್ಟರುಗಳ ಪಕ್ಕ ನಿಂತು ಎಕ್ಸ್‌ರೇ ಪ್ಲೇಟ್ ಹಿಡಿದು ಕಲಿತದ್ದನ್ನು ಹೇಳುತ್ತೇನೆ. ನೀವು ಹೇಳಿದ ಜಾಗ, ವಯಸ್ಸು ನೋಡಿದರೆ ಮುರಿತಕ್ಕಿಂತ ‘ಸ್ಪ್ಲಿಂಟ್’ ಇರುವ ಸಾಧ್ಯತೆಯೇ ಜಾಸ್ತಿ.

ನಾವು ಕುದುರೆಯ ಮುಂಗಾಲಿನ ಮೊಣಕಾಲು ಅನ್ನುವುದು ನಿಜಕ್ಕೂ ಅದರ ಮಣಿಕಟ್ಟು. ಅದರ ಕೆಳಗಿನದೆಲ್ಲ ನಮ್ಮ ಅಂಗೈ, ಬೆರಳು. ಇಡೀ ಭಾರ ಒಂದೇ ಬೆರಳಿನ ಮೇಲೆ. ಮಧ್ಯದ ದಪ್ಪ ಮೂಳೆಗೆ ಕ್ಯಾನನ್ ಅಂತಾರೆ. ಅದರ ಹಿಂದೆ ಎರಡೂ ಪಕ್ಕ ಕಡ್ಡಿಯಂಥ ಎರಡು ಸಣ್ಣ ಮೂಳೆ, ಅವೇ ಸ್ಪ್ಲಿಂಟ್ ಮೂಳೆಗಳು. ಕುದುರೆಯ ಪೂರ್ವಜರಿಗೆ ಹೆಚ್ಚು ಬೆರಳಿದ್ದವು, ಅದರ ಕುರುಹು ಇವು. ಎಳೇ ಕುದುರೆಯಲ್ಲಿ ಇವನ್ನು ಕ್ಯಾನನ್‌ಗೆ ಹಿಡಿದಿಡುವುದು ನಾರಿನಂಥ ಒಂದು ಪಟ್ಟಿ (ಲಿಗಮೆಂಟ್) ಮಾತ್ರ. ಒಳಗಡೆಯ ಮೂಳೆಯ ಮೇಲೆ ಭಾರ ಹೆಚ್ಚು ಬೀಳುತ್ತದೆ, ಆ ಪಟ್ಟಿ ಜಗ್ಗಿ ಊದುತ್ತದೆ. ದೇಹ ಅಲ್ಲಿ ಹೊಸ ಮೂಳೆ ಕಟ್ಟುತ್ತದೆ. ಇದಕ್ಕೇ ಸ್ಪ್ಲಿಂಟ್ ಅನ್ನುವುದು, ನಿಮ್ಮ ಕೈಗೆ ಸಿಗುತ್ತಿರುವ ಗಂಟು ಬಹುಶಃ ಅದು. ಕಲ್ಯಾಣ ಮಂಟಪದ ಮುಂದಿನ ಟಾರು ರಸ್ತೆಯಲ್ಲಿ ತಮಟೆಗೆ ಕುಣಿಸಿದರೆ ಮತ್ತೇನಾಗುತ್ತೆ ಹೇಳಿ!

ಆದರೂ ಎಕ್ಸ್‌ರೇ ಬೇಕು. ಇನ್ನೊಂದು ಕುದುರೆ ಒದ್ದು ಸ್ಪ್ಲಿಂಟ್ ಮೂಳೆ ಮುರಿಯುವುದೂ ಉಂಟು, ಅದು ಹೆಚ್ಚಾಗಿ ಹೊರಬದಿಯಲ್ಲಿ. ಪ್ಲೇಟನ್ನು ನೇರ ಇಟ್ಟರೆ ಈ ಮೂಳೆಗಳು ಕ್ಯಾನನ್ ಮರೆಯಲ್ಲಿ ಅಡಗುತ್ತವೆ, ಓರೆಯಾಗಿಯೂ ತೆಗೆಯಲು ಕೇಳಿ. ನಿಮ್ಮ ಕಡೆ ಆಗದಿದ್ದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿಗೆ ಹೋಗಿ.

ಸ್ಪ್ಲಿಂಟ್ ಅಂತ ಖಚಿತವಾದರೆ ಕೆಲಸ ಪೂರ್ತಿ ನಿಲ್ಲಿಸಿ. ದಿನಕ್ಕೆ ಎರಡು ಮೂರು ಸಲ 15–20 ನಿಮಿಷ ತಣ್ಣೀರು ಬಿಡಿ. ನೋವಿಗೆ ಡಾಕ್ಟರು ಕೊಟ್ಟದ್ದು ಮಾತ್ರ, ಮನೆಯಲ್ಲಿರುವ ಮಾತ್ರೆ ಬೇಡ. ಬರೆ ಹಾಕಿಸಿ ಅಂತ ಹೇಳುವವರು ಖಂಡಿತ ಬರುತ್ತಾರೆ, ಹಾಕಲು ಬಿಡಬೇಡಿ. ಬರೆಯಿಂದ ಮೂಳೆ ವಾಸಿಯಾಗಲ್ಲ, ಚರ್ಮ ಸುಡುತ್ತದೆ ಅಷ್ಟೇ.

ಇನ್ನು ನಿಮ್ಮ ಎರಡನೇ ಪ್ರಶ್ನೆ, ಮುರಿದರೆ ಕಥೆ ಮುಗೀತಾ ಅಂತ. ಮೊಣಕಾಲಿನ ಕೆಳಗೆ ಕೈಯಾಡಿಸಿ ನೋಡಿ, ಮಾಂಸವೇ ಸಿಗಲ್ಲ. ಮೂಳೆ, ನರದಂಥ ಹುರಿಗಳು, ಚರ್ಮ, ಅಷ್ಟೇ. ಹಾಗಾಗಿ ಮುರಿದ ಮೂಳೆ ಸುಲಭವಾಗಿ ಚರ್ಮ ಸೀಳಿ ಹೊರಬರುತ್ತದೆ, ಕೊಳೆ ಸೇರುತ್ತದೆ, ರಕ್ತ ಓಡಾಟ ಕಡಿಮೆ ಇರುವುದರಿಂದ ಗಾಯ ಮಾಯುವುದೂ ನಿಧಾನ. ಇದರ ಜೊತೆಗೆ ರೇಸ್ ಕುದುರೆಯಾದರೆ 450–500 ಕೆಜಿ ತೂಕ, ವಾರಗಟ್ಟಲೆ ಮಲಗಿಸಿಡಲು ಆಗಲ್ಲ. ನೋವಿನ ಕಾಲು ಎತ್ತಿದರೆ ಭಾರವೆಲ್ಲ ಪಕ್ಕದ ಕಾಲಿಗೆ. ಅಲ್ಲಿ ಗೊರಸಿನೊಳಗಿನ ಮೂಳೆ ಗೊರಸಿನ ಗೋಡೆಯಿಂದ ಬಿಡಲು ಶುರುವಾಗುತ್ತದೆ. ಅಮೆರಿಕದ ಬಾರ್ಬರೋ ಅನ್ನುವ ಕುದುರೆ 2006ರ ಮೇನಲ್ಲಿ ರೇಸ್ ನಡುವೆ ಬಲ ಹಿಂಗಾಲು ಮುರಿದುಕೊಂಡಿತು. ಪ್ಲೇಟು, ಸ್ಕ್ರೂ ಹಾಕಿ ಮೂಳೆ ಕೂಡಿಸಿದರು. ಆದರೆ ಬೇರೆ ಕಾಲುಗಳ ಗೊರಸು ಕೈಕೊಟ್ಟಿತು, 2007ರ ಜನವರಿಯಲ್ಲಿ ದಯಾಮರಣ ಕೊಡಬೇಕಾಯಿತು.

ಹಾಗಂತ ಎಲ್ಲ ಮುರಿತವೂ ಸಾವಲ್ಲ. ಸ್ಪ್ಲಿಂಟ್ ಮೂಳೆಯ ಕೆಳತುದಿ ಮುರಿದರೆ ವಿಶ್ರಾಂತಿಯಲ್ಲೇ ಕೂಡಬಹುದು, ಇಲ್ಲದಿದ್ದರೆ ಆ ಚೂರನ್ನು ತೆಗೆಯುತ್ತಾರೆ. ಗಿಣ್ಣಿನ (ಕ್ಯಾನನ್ ಕೆಳಗಿನ ಕೀಲು) ಹತ್ತಿರ ಕ್ಯಾನನ್ ತುದಿ ಸೀಳಿದ ಕುದುರೆಗಳು ಸ್ಕ್ರೂ ಹಾಕಿಸಿಕೊಂಡು ಮತ್ತೆ ರೇಸ್ ಓಡಿದ್ದುಂಟು. ಗೊರಸಿನೊಳಗಿನ ಮೂಳೆ ಮುರಿದರೆ ಗೊರಸೇ ಪ್ಲಾಸ್ಟರಿನ ಕೆಲಸ ಮಾಡುತ್ತದೆ, ಹಿಂದೆ ಅಡ್ಡಪಟ್ಟಿಯಿರುವ ಮುಚ್ಚಿದ ಲಾಳ ಕಟ್ಟಿ ತಿಂಗಳುಗಟ್ಟಲೆ ಕಾಯಬೇಕು. ಗಿಣ್ಣಿನ ಹಿಂದಿನ ಎರಡು ಪುಟ್ಟ ಮೂಳೆಗಳೂ ಒಟ್ಟಿಗೆ ಮುರಿದರೆ ಮಾತ್ರ ಬಹಳ ಕಷ್ಟ, ಗಿಣ್ಣನ್ನು ಹಿಡಿದಿಡುವ ಆಧಾರವೇ ಹೋಗುತ್ತದೆ.

ಒಂದು ದಿನ ಇದ್ದಕ್ಕಿದ್ದಂತೆ ಕಾಲು ನೆಲಕ್ಕೆ ಊರದೆ ನಿಂತರೆ ಗಾಬರಿಯಾಗಬೇಡಿ. ನಾನು ನೋಡಿದ ಹಾಗೆ ಬಹಳ ಸಲ ಅದು ಗೊರಸಿನೊಳಗಿನ ಕೀವು, ತಳ ಕೆತ್ತಿದರೆ ಹೊರಬರುತ್ತದೆ. ಆದರೆ ಡಾಕ್ಟರು ನೋಡುವ ತನಕ ಮುರಿತ ಅಂತಲೇ ತಿಳಿದು ನಡೆಸದೆ ನಿಲ್ಲಿಸಿ, ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಬಂದವರು ಕಾಲಿಗೆ ಹತ್ತಿ ಸುತ್ತಿ, ಉದ್ದಕ್ಕೆ ಸೀಳಿದ ಪಿವಿಸಿ ಪೈಪ್ ಇಟ್ಟು ಬಿಗಿಯಾಗಿ ಕಟ್ಟುತ್ತಾರೆ. ಮುಂಗಾಲಿನ ಪೆಟ್ಟಾದರೆ ಲಾರಿಯಲ್ಲಿ ಕುದುರೆ ಮುಖ ಹಿಂದಕ್ಕಿರಲಿ, ಬ್ರೇಕ್ ಹಾಕಿದಾಗ ಭಾರ ಹಿಂಗಾಲಿಗೆ ಹೋಗುತ್ತದೆ.

ಸೀಸನ್ ಶುರುವಾಗುವ ಮೊದಲು ಬಿಡಬಹುದಾ ಅಂತಲೂ ಕೇಳಿದ್ದೀರಿ. ಸ್ಪ್ಲಿಂಟ್‌ಗೆ ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುತ್ತದೆ. ಬಿಸಿ ಹೋಗಿ, ಒತ್ತಿದರೂ ಸುಮ್ನೆ ನಿಂತು, ಮೆಲ್ಲಗೆ ಓಡಿಸಿದಾಗ ತಲೆ ಮೇಲೆ ಕೆಳಗೆ ಆಡಿಸದಿದ್ದರೆ ಡಾಕ್ಟರನ್ನು ಕೇಳಿ ಮಣ್ಣಿನ ನೆಲದಲ್ಲಿ ನಡೆಸಲು ಶುರು ಮಾಡಿ. ಗಂಟು ಪೂರ್ತಿ ಹೋಗದೆ ಉಳಿದರೂ ಪರವಾಗಿಲ್ಲ. ಕುಣಿತದ ಮುಂಗಡ ತೆಗೆದುಕೊಂಡಿದ್ದರೆ ಈ ಸಲಕ್ಕೆ ವಾಪಸ್ ಕೊಟ್ಟುಬಿಡಿ.